ಪರ್ಯಾಪ್ತ ದ್ರಾವಣ ತೋರಿಸಲು ಉಪ್ಪೋ, ಸಕ್ಕರೆಯೋ?

ಮಕ್ಕಳಿಗೆ ಮೊದಲ ಸಲ ತೋರಿಸುವುದಾದರೆ ಉಪ್ಪನ್ನೇ ತೆಗೆದುಕೊಳ್ಳಿ. 25 ಡಿಗ್ರಿಯಲ್ಲಿ 100 ಗ್ರಾಂ ನೀರು ಸುಮಾರು 36 ಗ್ರಾಂ ಉಪ್ಪನ್ನಷ್ಟೇ ಕರಗಿಸಿಕೊಳ್ಳುತ್ತದೆ. ಆಮೇಲೆ ಎಷ್ಟು ಕಲಕಿದರೂ ಹರಳು ಲೋಟದ ತಳದಲ್ಲಿ ಸುತ್ತುತ್ತಲೇ ಇರುತ್ತವೆ. ಅದೇ ಪರ್ಯಾಪ್ತ ಸ್ಥಿತಿ.

ಸಾರತೆ, ಅಂದರೆ ದ್ರಾವಣದಲ್ಲಿ ಉಪ್ಪಿನ ಪಾಲು ಶೇಕಡ ಎಷ್ಟು ಎಂದು ಲೆಕ್ಕ ಹಾಕುವಾಗ ಎಚ್ಚರ. 36ನ್ನು ನೀರಿನ 100ರಿಂದ ಅಲ್ಲ, ಇಡೀ ದ್ರಾವಣದ 136ರಿಂದ ಭಾಗಿಸಬೇಕು. ಶೇ. 26.5 ಬರುತ್ತದೆ. ಮಕ್ಕಳು ಜಾಸ್ತಿ ತಪ್ಪುವುದು ಇಲ್ಲೇ.

ಸಕ್ಕರೆಯಾದರೆ ಅಷ್ಟೇ ನೀರಿಗೆ 200 ಗ್ರಾಂ ಬೇಕು. ಸುಮ್ನೆ ಖರ್ಚು, ಅಲ್ವಾ? ಆದರೆ ಬಿಸಿಯ ಪ್ರಭಾವ ತೋರಿಸಲು ಸಕ್ಕರೆಯೇ ಸರಿ. ಕುದಿಯುವ ನೀರಿನಲ್ಲೂ ಉಪ್ಪು ಸುಮಾರು 39 ಗ್ರಾಂಗೆ ನಿಲ್ಲುತ್ತದೆ. ಸಕ್ಕರೆ 400 ಗ್ರಾಂ ದಾಟುತ್ತದೆ. ಆ ಪಾಕ ಆರಿದ ಮೇಲೆ ದಾರ ಇಳಿಬಿಡಿ. ಕೆಲವು ದಿನಗಳಲ್ಲಿ ಕಲ್ಲುಸಕ್ಕರೆ ಕಟ್ಟುತ್ತದೆ.