ಮೆಟಲ್ ಗಿಗ್‌ಗೆ ಇಯರ್‌ಪ್ಲಗ್: ಬೆಂಗಳೂರಿನ ಕೇಳುಗರಿಗಾಗಿ ಒಂದು ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಮೆಟಲ್ ಗಿಗ್‌ಗಳಿಗೆ, ಅಂದರೆ ಹೆವಿ ಮೆಟಲ್ ಸಂಗೀತದ ಲೈವ್ ಶೋಗಳಿಗೆ, ಹೋಗುವ ಅಭ್ಯಾಸ ನಿಮಗಿದ್ದರೆ, ಮುಂದಿನ ಬ್ಯಾಂಡ್ ಟಿ-ಶರ್ಟ್‌ಗೆ ದುಡ್ಡು ಹಾಕುವ ಮುಂಚೆ ಫಿಲ್ಟರ್ ಇರುವ ಇಯರ್‌ಪ್ಲಗ್ ಒಂದು ಜೊತೆ ತೆಗೆದುಕೊಳ್ಳಿ. ಕಿವಿ ಉಳಿಯುತ್ತದೆ, ಅದು ಸರಿ. ಆದರೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಇದನ್ನು ಹಾಕಿಕೊಂಡರೆ ನಮ್ಮ ಬ್ಯಾಂಡ್‌ಗಳು ಏನು ನುಡಿಸುತ್ತಿವೆ ಅನ್ನೋದು ಸರಿಯಾಗಿ ಕೇಳಿಸುತ್ತದೆ. ಎರಡು ಗಿಟಾರ್ ಬೇರೆ ಬೇರೆಯಾಗಿ ಸಿಗುತ್ತವೆ, ಬಾಸ್ ಎಲ್ಲಿ ಹೋಗುತ್ತಿದೆ ಅಂತ ಹಿಂಬಾಲಿಸಬಹುದು, ಗ್ರೌಲ್ ಮಾಡುವವರ, ಅಂದರೆ ಗುರುಗುಟ್ಟುತ್ತಾ ಹಾಡುವವರ, ಬಾಯಿಂದ ಬರುವ ಪದಗಳೂ ಅರ್ಧಕ್ಕರ್ಧ ಗೊತ್ತಾಗುತ್ತವೆ.

ಯಾವ ಬಗೆಯದು ಅಂತ ಬಿಡಿಸಿ ಹೇಳುತ್ತೇನೆ. ಕಂಪನಿ ಹೆಸರು ಬೇಡ, ಯಾಕೆಂದರೆ ಈಗ ಇದನ್ನು ಹಲವರು ಮಾಡುತ್ತಾರೆ, ಒಳಗಿನ ಲೆಕ್ಕ ಹೆಚ್ಚುಕಡಿಮೆ ಒಂದೇ. ಪುಟ್ಟ ಪುಟ್ಟ ಕೊಡೆಗಳನ್ನು ಒಂದರ ಮೇಲೊಂದು ಪೋಣಿಸಿದ ಹಾಗೆ ಮೂರು ಪದರದ ಸಿಲಿಕೋನ್, ನಡುವೆ ಒಂದು ಸಣ್ಣ ಕೊಳವೆ, ಆ ಕೊಳವೆಯೊಳಗೆ ಫಿಲ್ಟರ್. ಸದ್ದು ಪೂರ್ತಿ ಮುಚ್ಚಿಹೋಗುವುದಿಲ್ಲ. ಮೇಲಿನ ಸ್ವರ, ಕೆಳಗಿನ ಸ್ವರ ಎಲ್ಲವೂ ಹತ್ತಿರ ಹತ್ತಿರ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ. ಇಡೀ ಹಾಲ್‌ನ ವಾಲ್ಯೂಮ್ ಗುಂಡಿಯನ್ನು ನೀವೇ ತಿರುಗಿಸಿಕೊಂಡಂತೆ ಆಗುತ್ತದೆ.

ಮೆಡಿಕಲ್ ಶಾಪ್‌ನಲ್ಲಿ ಸಿಗುವ ಮೆತ್ತನೆಯ ಫೋಮ್ ಪ್ಲಗ್ ಹಾಗಲ್ಲ. ಅದು ತಡೆಯುವುದೇನೋ ಜಾಸ್ತಿ, ಡಬ್ಬಿ ಮೇಲೆ 30 ಡೆಸಿಬೆಲ್ (ಸದ್ದಿನ ಅಳತೆ) ಆಸುಪಾಸು ಬರೆದಿರುತ್ತದೆ. ಆದರೆ ಮೇಲಿನ ಫ್ರೀಕ್ವೆನ್ಸಿಗಳನ್ನು ಕೆಳಗಿನವಕ್ಕಿಂತ ಜಾಸ್ತಿ ನುಂಗಿಬಿಡುತ್ತದೆ. ಡ್ರಮ್ಸ್‌ನ ಸಿಂಬಲ್ (ಲೋಹದ ತಟ್ಟೆ) ಸದ್ದು ಮಾಯ, ಗಿಟಾರ್ ಮೀಟುವ ಪಿಕ್ ತಂತಿಗೆ ತಾಗುವ ಕಚಕ್ ಅನ್ನುವ ಸದ್ದು ಮಾಯ, ಉಳಿಯುವುದು ಬರೀ ಗುಡುಗುಡು. ಮೆಟಲ್‌ನಲ್ಲಿ ರಿಫ್‌ನ, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿನ, ಜೀವ ಇರುವುದೇ ಆ ಕಚಕ್‌ನಲ್ಲಿ. ಹಾಗಂತ ಫೋಮ್ ಬೇಡವೇ ಬೇಡ ಅನ್ನುತ್ತಿಲ್ಲ. ಕೈಯಲ್ಲಿ ಬೇರೇನೂ ಇಲ್ಲದಿದ್ದರೆ ಅದನ್ನೇ ಹಾಕಿಕೊಳ್ಳಿ. ಕಿವಿಗೆ ಹತ್ತಿ ತುರುಕಿಕೊಂಡರೆ ಸಾಲದಾ ಅಂತ ಕೇಳುವವರೂ ಇದ್ದಾರೆ. ಸಾಲದು. ಹತ್ತಿ ತಡೆಯುವುದು ತೀರಾ ಕಡಿಮೆ.

ಸ್ವಲ್ಪ ಲೆಕ್ಕ. ಅಮೆರಿಕದಲ್ಲಿ ಕೆಲಸದ ಜಾಗಗಳ ಆರೋಗ್ಯ ನೋಡಿಕೊಳ್ಳುವ ನಯಾಷ್ (NIOSH) ಅನ್ನುವ ಸಂಸ್ಥೆಯ ಅಳತೆ ಪ್ರಕಾರ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದ ಹಾಗೆ ಆ ಸಮಯ ಅರ್ಧ ಆಗುತ್ತದೆ. 94ಕ್ಕೆ ಬಂದರೆ ಒಂದು ಗಂಟೆ. 100ಕ್ಕೆ ಬಂದರೆ ಬರೀ 15 ನಿಮಿಷ. ಮೆಟಲ್ ಗಿಗ್ ಒಳಗೆ 100 ಅನ್ನೋದು ದೊಡ್ಡ ವಿಷಯವೇ ಅಲ್ಲ. ಮೂರು ಬ್ಯಾಂಡ್ ಇರುವ ಸಂಜೆ ಎಂದರೆ ಮೂರು ಗಂಟೆ. ಫಿಲ್ಟರ್ ಪ್ಲಗ್ ಸರಿಯಾಗಿ ಕೂತು 12ರಿಂದ 15 ಡೆಸಿಬೆಲ್ ಇಳಿಸಿದರೂ ಆ 15 ನಿಮಿಷ ಎಷ್ಟೋ ಗಂಟೆಗಳಾಗುತ್ತವೆ. ಗಿಗ್ ಮುಗಿಸಿ ಮನೆಗೆ ಬಂದು ಮಲಗಿದಾಗ ಕಿವಿಯಲ್ಲಿ ಗುಂಯ್ ಅನ್ನುತ್ತದಲ್ಲ, ಅದನ್ನು ಒಳ್ಳೆ ಗಿಗ್‌ನ ಗುರುತು ಅಂತ ನಮ್ಮ ಹುಡುಗರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ದಯವಿಟ್ಟು ಬಿಡಿ ಅದನ್ನ. ಕಿವಿಯೊಳಗಿನ ಸೂಕ್ಷ್ಮ ಕೂದಲ ಕೋಶಗಳು ಏಟು ತಿಂದಿವೆ ಅಂತ ಅರ್ಥ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಮೆಟಾಲಿಕಾ ಬ್ಯಾಂಡಿನ ಡ್ರಮ್ಮರ್ ಲಾರ್ಸ್ ಉಲ್ರಿಕ್ ತಮಗೆ ಈ ಗುಂಯ್ ಶಾಶ್ವತವಾಗಿ ಅಂಟಿಕೊಂಡಿದೆ ಅಂತ ಬಹಿರಂಗವಾಗಿಯೇ ಹೇಳಿದ್ದಾರೆ. ಎಸಿ/ಡಿಸಿ ಬ್ಯಾಂಡಿನ ಗಾಯಕ ಬ್ರಯನ್ ಜಾನ್ಸನ್ 2016ರಲ್ಲಿ ಕಿವಿಯ ಕಾರಣಕ್ಕೇ ಟೂರ್ ಅರ್ಧಕ್ಕೆ ಬಿಡಬೇಕಾಯಿತು. ಕಿವಿ ಹಾಳು ಮಾಡಿಕೊಳ್ಳಲು ಉತ್ತೇಜನ ಕೊಟ್ಟಂತಾಗುತ್ತದೆ ಅಂತ ಜಗತ್ತಿನ ಅತಿ ಜೋರು ಬ್ಯಾಂಡ್ ಅನ್ನುವ ದಾಖಲೆಯನ್ನು ಗಿನ್ನೆಸ್‌ನವರೇ ಕೈಬಿಟ್ಟಿದ್ದಾರೆ.

ಈಗ ಬೆಂಗಳೂರಿಗೆ ಬರೋಣ. ನಮ್ಮ ಊರಿನ ಮೆಟಲ್ ಅಂದ ತಕ್ಷಣ ಎಲ್ಲರೂ ಹೊರದೇಶದ ದೊಡ್ಡ ಬ್ಯಾಂಡ್‌ಗಳು ಬರುತ್ತಿದ್ದ ಅರಮನೆ ಮೈದಾನದ ಕಾಲ ನೆನೆಸಿಕೊಳ್ಳುತ್ತಾರೆ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಬಂತು, 2008ರಲ್ಲಿ ಮೆಗಾಡೆತ್ ಮತ್ತು ಮಷೀನ್ ಹೆಡ್, 2009ರಲ್ಲಿ ಮತ್ತೆ ಮೇಡನ್, 2010ರಲ್ಲಿ ಲ್ಯಾಂಬ್ ಆಫ್ ಗಾಡ್, 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ. ಅದಕ್ಕೆ ಎರಡು ದಿನ ಮುಂಚೆ ಗುರ್‌ಗಾಂವ್ ಶೋ ರದ್ದಾಗಿತ್ತು, ಹಾಗಾಗಿ ಇಡೀ ದೇಶದ ಕಣ್ಣು ಇಲ್ಲೇ ಇತ್ತು. 2012ರಲ್ಲಿ ಸ್ಲೇಯರ್, ಅದು ಥಣಿಸಂದ್ರದ ಕಡೆ. ಅದೇ ವರ್ಷ ಬ್ಯಾಂಗಲೋರ್ ಓಪನ್ ಏರ್ ಅನ್ನುವ ಮೆಟಲ್ ಉತ್ಸವ ಕೂಡ ಶುರುವಾಯಿತು. ಆ ಐದಾರು ವರ್ಷ ನಮ್ಮ ಊರಿಗೆ ಕೊಟ್ಟಿದ್ದು ಬಹಳ. ಬಯಲಿನಲ್ಲಿ ಸದ್ದಿಗೆ ಹೋಗಲು ಜಾಗ ಇರುತ್ತದೆ, ಹಿಂದೆ ನಿಂತರೆ ಪ್ಲಗ್ ಇಲ್ಲದೆಯೂ ತಕ್ಕಮಟ್ಟಿಗೆ ನಡೆಯುತ್ತದೆ.

ಆದರೆ ವರ್ಷವಿಡೀ ನಾವು ಬ್ಯಾಂಡ್‌ಗಳನ್ನು ಕೇಳುವುದು ಪಬ್‌ಗಳಲ್ಲಿ ಅಲ್ವಾ? ಕೋರಮಂಗಲ, ಇಂದಿರಾನಗರ, ವೈಟ್‌ಫೀಲ್ಡ್. ಒಂದು ಕಡೆ ಪೂರ್ತಿ ಗಾಜು, ಕೆಳಗೆ ಗ್ರಾನೈಟ್, ಮೇಲೆ ಕಾಂಕ್ರೀಟ್. ನಿನ್ನೆ ಅಲ್ಲಿ ಸ್ಟ್ಯಾಂಡ್‌ಅಪ್ ಕಾಮಿಡಿ, ನಾಳೆ ಬಾಲಿವುಡ್ ನೈಟ್, ಇವತ್ತು ಡೆತ್ ಮೆಟಲ್. ಸದ್ದು ಗಾಜಿಗೆ ಬಡಿದು ವಾಪಸ್ ಬರುತ್ತದೆ. ಡ್ರಮ್ಸ್‌ಗೆ ಮೈಕ್ ಬೇಕಾಗುವುದೇ ಇಲ್ಲ, ಅಷ್ಟು ಚಿಕ್ಕ ಜಾಗ. ಡ್ರಮ್ಸ್ ಮೀರಿಸಲು ಗಿಟಾರ್ ಆಂಪ್ ಏರಿಸುತ್ತಾರೆ, ಗಿಟಾರ್ ಮೀರಿಸಲು ಹಾಡುವವರ ಮೈಕ್ ಏರಿಸುತ್ತಾರೆ, ಅದು ಕೀಂಯ್ ಅನ್ನಲು ಶುರು ಮಾಡುತ್ತದೆ. ಒಂದು ಕಡೆ ಮೂರು ಒಳ್ಳೆಯ ಬ್ಯಾಂಡ್‌ಗಳ ಸೆಟ್ ಪೂರ್ತಿ ಹೀಗೇ ಹಾಳಾಗಿದ್ದನ್ನು ನೋಡಿದ್ದೇನೆ. ಬ್ಯಾಂಡ್ ಚೆನ್ನಾಗಿಲ್ಲ ಅಂತ ಜನ ಮಾತಾಡಿಕೊಂಡು ಹೋದರು. ಬ್ಯಾಂಡ್ ಚೆನ್ನಾಗಿಯೇ ಇತ್ತು. ನಾನು ಪ್ಲಗ್ ಹಾಕಿಕೊಂಡು ಸೌಂಡ್ ಡೆಸ್ಕ್ ಪಕ್ಕ ನಿಂತಿದ್ದೆ, ಪ್ರತಿ ಬದಲಾವಣೆ ಗೊತ್ತಾಗುತ್ತಿತ್ತು. ಅತಿ ಜೋರಾದಾಗ ಕಿವಿ ತಾನೇ ಸದ್ದನ್ನು ಕಲಸಿಬಿಡುತ್ತದೆ. ಮಟ್ಟ ಇಳಿಸಿದರೆ ಆ ಕಲಸುಮೇಲೋಗರ ಬಿಡಿಸಿಕೊಳ್ಳುತ್ತದೆ.

ಇದರ ಲಾಭ ಅತಿ ಹೆಚ್ಚು ಸಿಗುವುದು ಕ್ರಿಪ್ಟೋಸ್‌ನಂಥ ಬ್ಯಾಂಡ್ ಕೇಳುವಾಗ. 1998ರಲ್ಲಿ ಇಲ್ಲಿ ಶುರುವಾದ ಬ್ಯಾಂಡ್, 2013ರಲ್ಲಿ ಜರ್ಮನಿಯ ವಾಕೆನ್ ಮೆಟಲ್ ಉತ್ಸವದಲ್ಲಿ ನುಡಿಸಿ ಬಂದವರು, ಇವತ್ತಿಗೂ ಆಲ್ಬಮ್ ಮೇಲೆ ಆಲ್ಬಮ್ ಮಾಡುತ್ತಲೇ ಇದ್ದಾರೆ. 80ರ ದಶಕದ ಹೆವಿ ಮೆಟಲ್ ದಾರಿ. ನೋಲನ್ ಲೂಯಿಸ್ ಮತ್ತು ರೋಹಿತ್ ಚತುರ್ವೇದಿ ಅವರ ಎರಡು ಗಿಟಾರ್ ಒಂದಕ್ಕೊಂದು ಮಾತಾಡುವ ಜಾಗದಲ್ಲೇ ಆ ಬ್ಯಾಂಡಿನ ಸೊಗಸೆಲ್ಲ ಇದೆ. ಒಂದು ಗಿಟಾರ್ ರಿಫ್ ಹಿಡಿದು ನಿಂತಿರುತ್ತದೆ, ಇನ್ನೊಂದು ಮೇಲೆ ಹಾರುತ್ತದೆ, ಆಮೇಲೆ ಎರಡೂ ಜೊತೆಯಾಗಿ ಇಳಿಯುತ್ತವೆ. ಪ್ಲಗ್ ಇಲ್ಲದೆ ಮುಂದಿನ ಸಾಲಿನಲ್ಲಿ ನಿಂತರೆ ಇದು ಒಂದೇ ಗೋಡೆ ತರಹ ಮುಖಕ್ಕೆ ಹೊಡೆಯುತ್ತದೆ. ಪ್ಲಗ್ ಇದ್ದರೆ ಆ ಜೋಡಿ ಬಿಡಿಸಿ ಬಿಡಿಸಿ ಸಿಗುತ್ತದೆ. ನನ್ನ ಪ್ರಕಾರ ಈ ದೇಶದಲ್ಲಿ ಇವರಷ್ಟು ಹಟ ಹಿಡಿದು ಒಂದೇ ದಾರಿಯಲ್ಲಿ ನಡೆದ ಮೆಟಲ್ ಬ್ಯಾಂಡ್ ಇನ್ನೊಂದಿಲ್ಲ. ಫ್ಯಾಷನ್ ಬದಲಾಯಿತು, ಇವರು ಬದಲಾಗಲಿಲ್ಲ. ಅದಕ್ಕೇ ಇಷ್ಟ.

ಎಕ್ಸೆಂಟ್ರಿಕ್ ಪೆಂಡುಲಂ ಕೂಡ ಹಾಗೇ, ಬೇರೆ ಕಾರಣಕ್ಕೆ. 2011ರಲ್ಲಿ ಮೆಟಲ್ ಬ್ಯಾಟಲ್ ಸ್ಪರ್ಧೆ ಗೆದ್ದು ವಾಕೆನ್‌ಗೆ ಹೋದವರು ಅವರು. ತಾಳ ಎಲ್ಲಿ ತಿರುಗುತ್ತದೆ ಅಂತ ಎಣಿಸುತ್ತಾ ಕೇಳಬೇಕಾದ ಸಂಗೀತ. ಸದ್ದಿನ ಹೊಡೆತದಲ್ಲಿ ಎಣಿಕೆ ತಪ್ಪಿತು ಅಂದರೆ ಅರ್ಧ ಮಜಾ ಹೋಯಿತು.

ಡೂಮ್ ಅನ್ನುವ ಬಗೆಯ ಮೆಟಲ್ ವಿಷಯದಲ್ಲಿ ಮಾತ್ರ ನಾನು ಸುಮ್ನೆ ಹೊಗಳಲು ಆಗುವುದಿಲ್ಲ. ನಮ್ಮ ಊರಿನ ಬೇವರ್ ಸೀ ಬ್ಯಾಂಡ್ ಕೇಳಿದ್ದೀರಾ? ನಿಧಾನ, ದಪ್ಪ, ಕೊಳಕು ಗಿಟಾರ್ ಸದ್ದು, ಬ್ಲ್ಯಾಕ್ ಸಬ್ಬತ್ ಮನೆತನ. ಇಲ್ಲಿ ಸದ್ದು ಕೇಳುವುದಕ್ಕಿಂತ ಮೈಗೆ ತಾಗಬೇಕು. ಪ್ಲಗ್ ಹಾಕಿದಾಗ ಕಿವಿಗೆ ಬರುವುದು ಇಳಿದರೂ ಎದೆಗೂಡಿಗೆ, ಕಾಲಿನ ಕೆಳಗಿನ ನೆಲಕ್ಕೆ ಬರುವ ಬಾಸ್ ಹಾಗೇ ಇರುತ್ತದೆ, ಅದು ಸಮಾಧಾನ. ಆದರೂ ಮೊದಲ ಒಂದೆರಡು ಹಾಡು ಏನೋ ಕಡಿಮೆ ಆಯಿತು ಅನ್ನಿಸುತ್ತದೆ. ಆಮೇಲೆ ಕಿವಿ ಹೊಂದಿಕೊಳ್ಳುತ್ತದೆ. ಅಂದಹಾಗೆ ಈ ಭಾರ ಅನ್ನೋದು ಎಲ್ಲಿಂದ ಬಂತು ಅಂತ ನೆನಪಿಟ್ಟುಕೊಳ್ಳಬೇಕು. ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯಲ್ಲಿ ಬೆರಳ ತುದಿ ಕಳೆದುಕೊಂಡ ಬ್ಲ್ಯಾಕ್ ಸಬ್ಬತ್‌ನ ಗಿಟಾರ್ ವಾದಕ ಟೋನಿ ಅಯೋಮಿ, ಆ ಬ್ಯಾಂಡಿನ 1971ರ ಆಲ್ಬಮ್‌ನಲ್ಲಿ ಗಿಟಾರ್ ತಂತಿಗಳನ್ನು ಮೂರು ಸೆಮಿಟೋನ್ (ಅರ್ಧ ಸ್ವರ) ಸಡಿಲ ಮಾಡಿ ನುಡಿಸಿದರು. ತಂತಿ ಸಡಿಲವಾದರೆ ಬೆರಳಿಗೆ ನೋವು ಕಡಿಮೆ. ಅಲ್ಲಿಂದ ಬಂದ ತೂಕ ಅದು. ಮೊಬೈಲ್ ಸ್ಪೀಕರ್‌ನಲ್ಲಿ ಮೆಲ್ಲಗೆ ಹಾಕಿದರೂ ಆ ಆಲ್ಬಮ್‌ನ ರಿಫ್ ಭಾರವಾಗಿಯೇ ಕೇಳುತ್ತದೆ. ವಾಲ್ಯೂಮ್ ಇಳಿಸಿದರೆ ಸತ್ತುಹೋಗುವ ಬ್ಯಾಂಡ್ ಇದ್ದರೆ ಅದರಲ್ಲಿ ಮೊದಲಿಂದಲೂ ಭಾರ ಇರಲಿಲ್ಲ ಅಂತಲೇ ನನ್ನ ಅಭಿಪ್ರಾಯ, ಇದಕ್ಕೆ ಜಗಳ ಆಡುವವರು ಬನ್ನಿ, ಆಡೋಣ.

ಡೈಯಿಂಗ್ ಎಂಬ್ರೇಸ್ ಬಗ್ಗೆ ಒಂದು ಮಾತು. 1991ರಲ್ಲಿ, ಇಂಟರ್ನೆಟ್ ಇಲ್ಲದ ಕಾಲದಲ್ಲಿ, ಈ ಊರಿನಲ್ಲಿ ಡೆತ್-ಡೂಮ್ ನುಡಿಸಲು ಹೊರಟವರು. ಈಗಿನ ಹುಡುಗರಿಗೆ ಅವರ ಹೆಸರೇ ಗೊತ್ತಿಲ್ಲ ಅಂದಾಗ ಬೇಜಾರಾಗುತ್ತದೆ.

ಬೇರೆ ಊರಿನವರು ಬಂದಾಗ ಶೈಲಿಯ ವ್ಯತ್ಯಾಸ ಇನ್ನೂ ಸ್ಪಷ್ಟ. ಮುಂಬೈನ ಭಯಾನಕ್ ಮೌತ್ ತರಹದ ಬ್ಯಾಂಡ್‌ಗಳದ್ದು ಕುಣಿಸುವ, ತಳ್ಳುವ ಗ್ರೂವ್, ಅಲ್ಲಿ ಪಿಟ್‌ನಲ್ಲೇ, ಅಂದರೆ ವೇದಿಕೆ ಮುಂದೆ ಜನ ತಳ್ಳಾಡುತ್ತಾ ಕುಣಿಯುವ ಜಾಗದಲ್ಲೇ, ಇರಬೇಕು. ದೆಹಲಿಯ ಬ್ಲಡಿವುಡ್ ಢೋಲ್, ಕೊಳಲು ಎಲ್ಲ ತಂದು ಸೇರಿಸಿದವರು. ನಮ್ಮ ಬೆಂಗಳೂರಿನ ಕೆಲವು ಹಳೆ ಮೆಟಲ್ ತಲೆಗಳು ಅವರನ್ನು ನೋಡಿ ಮೂಗು ಮುರಿಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಢೋಲ್‌ನ ಆ ಚಟೀರ್ ಅನ್ನುವ ಏಟು ಡಬಲ್ ಬಾಸ್ ಡ್ರಮ್ ಮೇಲೆ ಬಂದು ಕೂರುವ ರೀತಿ ಗಟ್ಟಿ ಕೆಲಸ. ಈ ಊರಿನ ನಿಜವಾದ ತೊಂದರೆ ಬೇರೆ. ನಲವತ್ತು ಜನ ಕೈ ಕಟ್ಟಿಕೊಂಡು ಹಿಂದೆ ನಿಲ್ಲುತ್ತಾರೆ, ಸ್ವಂತ ಹಾಡು ನುಡಿಸುವಾಗ ಮಾತಾಡುತ್ತಾರೆ, ಆಮೇಲೆ ಮೆಟಾಲಿಕಾ ಕವರ್ ಹೊಡಿ ಮಚ್ಚಾ ಅಂತ ಕೂಗುತ್ತಾರೆ. ವರ್ಷಗಟ್ಟಲೆ ಕೂತು ಹಾಡು ಕಟ್ಟಿದವರ ಮುಂದೆ ಹೀಗೆ ಮಾಡಬಾರದು.

ಪ್ಲಗ್‌ನ ಕೊರತೆಗಳಿಗೆ ಬರುತ್ತೇನೆ. ಸರಿಯಾಗಿ ಕೂರಿಸದಿದ್ದರೆ ಇದು ದಂಡ. ಎಡ ಕಿವಿಗೆ ಹಾಕುವಾಗ ಬಲಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಸ್ವಲ್ಪ ಹಿಂದಕ್ಕೂ ಎಳೆಯಬೇಕು, ಆಗ ಒಳಗಿನ ದಾರಿ ನೇರ ಆಗುತ್ತದೆ, ಎಡಗೈಯಿಂದ ಮೆಲ್ಲಗೆ ತಿರುಗಿಸುತ್ತಾ ತಳ್ಳಬೇಕು. ಸಿಲಿಕೋನ್ ಒಣಗಿದ್ದರೆ ಹೋಗುವುದಿಲ್ಲ, ತುದಿಗೆ ಸ್ವಲ್ಪ ನೀರು ಹಚ್ಚಿ. ಕೂತಿದೆಯಾ ಅಂತ ತಿಳಿಯಲು ಸುಮ್ನೆ ಹೂಂ ಅನ್ನಿ. ನಿಮ್ಮದೇ ದನಿ ತಲೆಯೊಳಗೆ ದೊಡ್ಡದಾಗಿ ಮೊಳಗಿದರೆ ಕೂತಿದೆ. ಇದೇ ಕಾರಣಕ್ಕೆ ಬ್ಯಾಂಡ್ ಜೊತೆ ಹಾಡುವವರಿಗೆ ಕಿರಿಕಿರಿ, ನಿಮ್ಮ ದನಿ ಬ್ಯಾಂಡನ್ನು ಮುಚ್ಚುತ್ತದೆ. ಹೆಡ್‌ಬ್ಯಾಂಗ್ ಮಾಡಿ ಬೆವರಿದರೆ ನಿಧಾನವಾಗಿ ಜಾರುತ್ತದೆ, ಹಾಡುಗಳ ನಡುವೆ ಒಮ್ಮೆ ಒತ್ತಿಕೊಳ್ಳಬೇಕು. ಕಾಂಡ ಉದ್ದ ಇರುವ ಮಾಡೆಲ್ ತೆಗೆದುಕೊಳ್ಳಬೇಡಿ, ಪಿಟ್‌ನಲ್ಲಿ ಯಾರದ್ದಾದರೂ ಮೊಣಕೈ ತಾಗಿದರೆ ಒಳಗೆ ಚುಚ್ಚುತ್ತದೆ. ದಾರ ಇರುವುದೂ ಬೇಡ. ಎರಡು ಮೂರು ಸೈಜ್ ಜೊತೆಗೆ ಕೊಡುವ ಪ್ಯಾಕ್ ನೋಡಿ, ಎಷ್ಟೋ ಜನರಿಗೆ ಎರಡು ಕಿವಿ ಒಂದೇ ಅಳತೆ ಇರುವುದಿಲ್ಲ. ಸಾವಿರ ಚಿಲ್ಲರೆಯಿಂದ ಮೂರು ಸಾವಿರದೊಳಗೆ ಒಳ್ಳೆಯದು ಸಿಗುತ್ತದೆ. ಸೋಪ್ ನೀರಲ್ಲಿ ತೊಳೆದಿಟ್ಟುಕೊಂಡರೆ ಬಹಳ ಕಾಲ ಬರುತ್ತದೆ, ಫಿಲ್ಟರ್ ಒಳಗೆ ಮಾತ್ರ ನೀರು ಹೋಗಬಾರದು. ಬ್ಯಾಂಡ್‌ನಲ್ಲಿ ನುಡಿಸುವವರಾದರೆ ಕಿವಿಯ ಅಚ್ಚು ತೆಗೆದು ಮಾಡಿಸುವುದೇ ಸರಿ. ಆಡಿಯಾಲಜಿಸ್ಟ್ (ಕಿವಿ ಕೇಳುವಿಕೆ ಪರೀಕ್ಷಿಸುವ ತಜ್ಞರು) ಹತ್ತಿರ ಹೋಗಬೇಕು, ದುಬಾರಿ, ಆದರೆ ವಾರಕ್ಕೆ ಮೂರು ದಿನ ಬ್ಯಾಂಡ್ ಅಭ್ಯಾಸ ಮಾಡುವ ಜ್ಯಾಮ್ ಪ್ಯಾಡ್‌ನ ಸಣ್ಣ ಕೋಣೆಯಲ್ಲಿ ಕೂರುವ ಡ್ರಮ್ಮರ್‌ಗೆ ಬೇರೆ ದಾರಿ ಇಲ್ಲ.

ಕೊನೆಗೆ ಗಿಗ್ ಮಾಡುವವರಿಗೆ, ಪಬ್ ನಡೆಸುವವರಿಗೆ ಒಂದು ಕೇಳಿಕೆ. ಸ್ವಿಟ್ಜರ್ಲೆಂಡ್‌ನಲ್ಲಿ ಸದ್ದು 93 ಡೆಸಿಬೆಲ್ ದಾಟುವ ಕಾರ್ಯಕ್ರಮಗಳಲ್ಲಿ ಪ್ಲಗ್ ಪುಕ್ಕಟೆ ಕೊಡಬೇಕು ಅಂತ ಕಾನೂನೇ ಇದೆ. ನಮ್ಮಲ್ಲಿ ರಾತ್ರಿ 10ರ ನಿಯಮ ಇದೆ, ಅದು ಪಕ್ಕದ ಮನೆಯವರ ಕಿವಿಗೆ. ಒಳಗೆ ನಿಂತವರ ಕಿವಿಗೆ ಏನೂ ಇಲ್ಲ. ಫೋಮ್ ಪ್ಲಗ್ ಸಗಟಾಗಿ ತಂದರೆ ಒಂದು ಜೊತೆಗೆ ಕೆಲವೇ ರೂಪಾಯಿ. ಬಾಗಿಲಲ್ಲಿ ಕೈಗೆ ಬ್ಯಾಂಡ್ ಕಟ್ಟುವ ಟೇಬಲ್ ಮೇಲೆ ಒಂದು ಡಬ್ಬಿ ಇಡಿ. ಟಿಕೆಟ್ ಮೇಲೆ ಇಪ್ಪತ್ತು ರೂಪಾಯಿ ಜಾಸ್ತಿ ಮಾಡಿದರೂ ಕೊಡಲು ನಾನು ರೆಡಿ, ನನ್ನ ಜೊತೆ ಬರುವವರೂ ರೆಡಿ.