ಮ್ಯಾಗಜಿನ್ ಅಂಗಡಿಯಲ್ಲಿ ದುಡ್ಡು ಕೊಡೋ ಮುಂಚೆ ಸ್ಟಿಕರ್ ಕೆಳಗೇನಿದೆ ನೋಡಿ

ದಕ್ಷಿಣ ಬೆಂಗಳೂರಿನ ಒಂದು ಬಸ್ ನಿಲ್ದಾಣದ ಎದುರಿಗಿರುವ ಮ್ಯಾಗಜಿನ್ ಅಂಗಡಿಯಲ್ಲಿ ನಡೆದದ್ದು ಇದು. ಅಂಗಡಿಯ ಹೆಸರು ಇಲ್ಲಿ ಬೇಡ. ಇದೇ ಕೈಚಳಕ ಬೇರೆ ಬಡಾವಣೆಗಳಲ್ಲೂ ಇರುವುದರಿಂದ, ಹೆಸರಿಗಿಂತ ಕೈಚಳಕ ಗೊತ್ತಿದ್ದರೆ ಉಪಯೋಗ. ಗಿರಾಕಿಯೊಬ್ಬರು ವಿದೇಶಿ ಫೋಟೊಗ್ರಫಿ ಮಾಸಿಕ ಕೇಳಿದರು. ಪ್ಲಾಸ್ಟಿಕ್ ಸುತ್ತಿದ ಪ್ರತಿ ಕೈಗೆ ಬಂತು. "ಹೊಸ ಸಂಚಿಕೆ ಸಾರ್, ನಿನ್ನೆ ಬಂದಿದ್ದು" ಎಂದರು, 850 ರೂಪಾಯಿ ಹೇಳಿದರು. ಮನೆಗೆ ಹೋಗಿ ಪ್ಲಾಸ್ಟಿಕ್ ಹರಿದು ಬೆಲೆಯ ಬಿಳಿ ಸ್ಟಿಕರ್ ಕಿತ್ತರೆ ಅದರಡಿ ಇನ್ನೊಂದು ಸ್ಟಿಕರ್, 595 ರೂಪಾಯಿಯದು. ಅದನ್ನೂ ಕಿತ್ತರೆ ಸಂಚಿಕೆಯ ತಿಂಗಳು ಕಾಣಿಸಿತು. ಹನ್ನೊಂದು ತಿಂಗಳು ಹಳೆಯದು. ವಾಪಸ್ ಒಯ್ದರೆ "ಕವರ್ ಬಿಚ್ಚಿದ್ದೀರಲ್ಲ, ತಗೊಳ್ಳಲ್ಲ" ಅಂದರು. ಬಿಲ್ ಕೇಳಿದ್ದಕ್ಕೆ "ಪೇಪರ್ ಅಂಗಡೀಲಿ ಯಾರು ಸಾರ್ ಬಿಲ್ ಕೊಡ್ತಾರೆ?"

ಹಳೇ ಸಂಚಿಕೆ ಹೊಸದರ ವೇಷ ಹಾಕುವುದಕ್ಕೆ ಕಾರಣವಿದೆ. ಮ್ಯಾಗಜಿನ್‌ಗಳು ಸಾಮಾನ್ಯವಾಗಿ ಮಾರಾಟವಾಗದಿದ್ದರೆ ವಾಪಸ್ ಕೊಡುವ ಕರಾರಿನ ಮೇಲೆ ಅಂಗಡಿಗೆ ಬರುತ್ತವೆ. ವಾಪಸ್ ಕೊಡಲು ವಿತರಕರು ಒಂದು ಗಡುವು ಇಟ್ಟಿರುತ್ತಾರೆ. ಆ ಗಡುವು ತಪ್ಪಿತು ಅಂದರೆ ಉಳಿದ ಪ್ರತಿಗಳು ಅಂಗಡಿಯವರ ತಲೆಗೇ ಬಂದವು. ರದ್ದಿಗೆ ಹಾಕಿದರೆ ಕೆಜಿ ಲೆಕ್ಕ. ಅದಕ್ಕೇ ಸ್ಟಿಕರ್ ಅಂಟಿಸಿ, ಪ್ಲಾಸ್ಟಿಕ್ ಸುತ್ತಿ, ಹೊಸ ಸಂಚಿಕೆಗಳ ಮಧ್ಯೆ ತೂರಿಸುವುದು. ಎಲ್ಲರೂ ಹೀಗೆ ಮಾಡುವುದಿಲ್ಲ. ಹಳೆಯದನ್ನು "ಹಳೇದು, ಅರ್ಧ ಬೆಲೆ" ಅಂತ ಬೇರೆ ಜೋಡಿಸಿಟ್ಟು ಮಾರುವ ಅಂಗಡಿಗಳೂ ಇವೆ. ಅಂಥ ಅಂಗಡಿ ಸಿಕ್ಕರೆ ಬಿಡಬೇಡಿ.

ಆಮದು ಮ್ಯಾಗಜಿನ್ ಕೊಳ್ಳುವಾಗ ಮೊದಲು ಸ್ಟಿಕರ್ ಎಲ್ಲಿ ಕೂತಿದೆ ಎಂದು ನೋಡಿ. ಆಮದುದಾರರು ಅಂಟಿಸುವ ಲೇಬಲ್‌ನಲ್ಲಿ ಸಾಮಾನ್ಯವಾಗಿ ಅವರ ಹೆಸರು, ವಿಳಾಸ, ರೂಪಾಯಿ ಬೆಲೆ ಅಚ್ಚಾಗಿರುತ್ತದೆ. ಬೆಲೆ ಮಾತ್ರ ಇರುವ, ಸ್ಟಿಕರ್ ಒತ್ತುವ ಗನ್‌ನಲ್ಲಿ ಒತ್ತಿದ ಅಥವಾ ಪೆನ್ನಿನಲ್ಲಿ ಬರೆದ ಪುಟ್ಟ ಚೀಟಿ ಅಂಗಡಿಯದ್ದು. ಅದು ತಿಂಗಳ ಹೆಸರಿನ ಮೇಲೋ ಬಾರ್‌ಕೋಡ್ ಪಕ್ಕದ ಸಣ್ಣ ಪಟ್ಟಿಯ ಮೇಲೋ ಕೂತಿದ್ದರೆ ಅನುಮಾನ ಪಡಿ. ಬ್ರಿಟನ್, ಯುರೋಪಿನ ಮ್ಯಾಗಜಿನ್‌ಗಳ ಬಾರ್‌ಕೋಡ್ ಸಾಮಾನ್ಯವಾಗಿ 977 ಅಂಕಿಯಿಂದ ಶುರುವಾಗುತ್ತದೆ, ಅದರ ಬಲಕ್ಕೆ ಎರಡಂಕಿಯ ಗಿಡ್ಡ ಬಾರ್‌ಕೋಡ್ ಇರುತ್ತದೆ. ಅದು ಸಂಚಿಕೆಯ ಗುರುತು. ಹಲವು ಮಾಸಿಕಗಳಲ್ಲಿ ಅದೇ ತಿಂಗಳ ಸಂಖ್ಯೆ. ಪ್ಲಾಸ್ಟಿಕ್ ಇಲ್ಲದಿದ್ದರೆ ಮುಖಪುಟವೊಂದನ್ನೇ ಎತ್ತಿ, ಒಳಗಡೆಯಿಂದ ಮೊಬೈಲ್ ಟಾರ್ಚ್ ಹಿಡಿಯಿರಿ. ಒಂದರ ಮೇಲೊಂದು ಸ್ಟಿಕರ್ ಇದ್ದರೆ ಅಂಚುಗಳು ಎರಡು ಚೌಕವಾಗಿ ಕಾಣುತ್ತವೆ. ಉಗುರಿನಿಂದ ಕೀಳಲು ಹೋದರೆ ಜಗಳವಾಗುತ್ತದೆ. ಟಾರ್ಚ್‌ಗೆ ಯಾರೂ ಏನೂ ಅನ್ನುವುದಿಲ್ಲ. ಒಂದು ಮಾತು ಅಂಗಡಿಯವರ ಪರವಾಗಿ: ಹೊರದೇಶದ ಮಾಸಿಕ ಇಲ್ಲಿಗೆ ಬರುವಾಗ ಎರಡು ಮೂರು ತಿಂಗಳು ಹಿಂದಿದ್ದರೆ ಅದು ಸಾಗಣೆಯ ತಡ, ಮೋಸವಲ್ಲ.

ಕನ್ನಡ ವಾರಪತ್ರಿಕೆ, ಮಾಸಿಕಗಳಲ್ಲಿ ಈ ಸ್ಟಿಕರ್ ಆಟ ಕಡಿಮೆ, ಬೆಲೆ ಮುಖಪುಟದಲ್ಲೇ ಅಚ್ಚಾಗಿರುತ್ತದೆ. ಅಲ್ಲಿ ನಡೆಯುವುದು ಬೇರೆ. ವಾರಪತ್ರಿಕೆಗಳು ಮುಖಪುಟದ ತಾರೀಖಿಗಿಂತ ಕೆಲವು ದಿನ ಮೊದಲೇ ಅಂಗಡಿಗೆ ಬರುತ್ತವೆ. ಆದ್ದರಿಂದ ತಾರೀಖು ಆಗಲೇ ದಾಟಿದ ಸುಧಾ, ತರಂಗ ಕೈಗೆ ಕೊಟ್ಟರೆ ಮುಂದಿನದು ಬಂದಿದೆಯೇ ಎಂದು ಕೇಳಿ. ಬಹಳ ಸಲ ಅದು ಕೆಳಗಡೆ ಇರುತ್ತದೆ, ಹಳೆಯದು ಮೊದಲು ಖಾಲಿಯಾಗಲಿ ಅಂತ. ಯುಗಾದಿ, ದೀಪಾವಳಿ ವಿಶೇಷಾಂಕಗಳಿಗೆ ಮುಂಗಡ ಕೊಟ್ಟು ಕಾಯ್ದಿರಿಸುವವರು ಚೀಟಿ ಬರೆಸಿಕೊಳ್ಳಿ. ಬಾಯಿಮಾತಿನ ಮುಂಗಡಕ್ಕೆ "ಎಲ್ಲಾ ಖಾಲಿ, ಮುಂದಿನ ವರ್ಷ ನೋಡೋಣ" ಅನ್ನೋ ಉತ್ತರ ಸಿದ್ಧವಾಗಿರುತ್ತದೆ.

ಪಿನ್ ಹಾಕಿದ ಮ್ಯಾಗಜಿನ್‌ನಲ್ಲಿ ಹಾಳೆ ಹೋಗಿದ್ದರೆ ಪತ್ತೆ ಸುಲಭ. ಅಲ್ಲಿ ಒಂದೊಂದು ಹಾಳೆಯೂ ನಡುವೆ ಮಡಚಿ ನಾಲ್ಕು ಪುಟವಾಗಿರುತ್ತದೆ. ಮುಖಪುಟ ಬಿಟ್ಟು 64 ಪುಟದ ಸಂಚಿಕೆಯಲ್ಲಿ 5–6ನೇ ಪುಟದ ಜೋಡಿ 59–60. ಯಾರೋ ಕೂಪನ್ನಿಗಾಗಿಯೋ ಚಿತ್ರಕ್ಕಾಗಿಯೋ 59–60 ಹರಿದಿದ್ದರೆ 5–6 ಸಡಿಲವಾಗಿ ನೇತಾಡುತ್ತದೆ. ಇಲ್ಲದಿದ್ದರೆ ಅದೂ ಇರುವುದಿಲ್ಲ. ನಡುಪುಟ ತೆರೆದು ಎರಡೂ ಪಿನ್ ಬಿಗಿಯಾಗಿವೆಯೇ ನೋಡಿದರೆ ಅರ್ಧ ಪರೀಕ್ಷೆ ಮುಗಿಯಿತು. "ಈ ಸಂಚಿಕೆಯೊಂದಿಗೆ ಉಚಿತ" ಎಂದು ಮುಖಪುಟದಲ್ಲಿದ್ದರೆ ಆ ಉಚಿತ ಎಲ್ಲಿ ಅಂತ ಅಲ್ಲೇ ಕೇಳಬೇಕು. ಮನೆಯಿಂದ ಫೋನ್ ಮಾಡಿದರೆ ಅದು ಬರುವುದಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಇನ್ನೂ ಹುಷಾರಾಗಿರಬೇಕು. ವಿಜಯನಗರ, ಚಂದ್ರಾ ಲೇಔಟ್ ಕಡೆ ಕೋಚಿಂಗ್ ಸೆಂಟರ್‌ಗಳು ಹೆಚ್ಚು, ಆ ವ್ಯಾಪಾರವೂ ಹೆಚ್ಚು. ಪ್ರಚಲಿತ ಘಟನೆಗಳ ಮಾಸಿಕದ ಹಳೇ ಸಂಚಿಕೆಗಳನ್ನು ಮೂರು ಮೂರು ಕಟ್ಟಿ ಪ್ಲಾಸ್ಟಿಕ್‌ನಲ್ಲಿಟ್ಟು "ಕಾಂಬೊ" ಎಂದು ಮಾರುತ್ತಾರೆ. ಮೇಲೊಂದು, ಕೆಳಗೊಂದು ಈಚಿನದು. ನಡುವಿನದು ವರ್ಷದ ಹಿಂದಿನದು, ಕೆಲವೊಮ್ಮೆ ಅದೇ ಸಂಚಿಕೆಯ ಇನ್ನೊಂದು ಪ್ರತಿ. ವಾರ್ಷಿಕ ಕೈಪಿಡಿಗಳ ವಿಷಯದಲ್ಲಿ ಮುಖಪುಟದ ದೊಡ್ಡ ಇಸವಿಯನ್ನು ನಂಬಬೇಡಿ. ಒಳಗಿನ ಎರಡನೇ ಪುಟದಲ್ಲಿ ಮುದ್ರಣದ ವರ್ಷ ನೋಡಿ, ಆಮೇಲೆ ನೇರ ಪ್ರಶಸ್ತಿಗಳ ಪಟ್ಟಿ ಅಥವಾ ರಾಜ್ಯಪಾಲರ ಪಟ್ಟಿಗೆ ಹೋಗಿ. ಹೊಸ ಮುಖಪುಟ ಹಾಕಿದ ಹಳೇ ಪುಸ್ತಕ ಅಲ್ಲಿ ಸಿಕ್ಕಿಬೀಳುತ್ತದೆ. ಅಕ್ಷರ ಮಸುಕಾಗಿ, ಚಿತ್ರಗಳು ಕಪ್ಪು ಮುದ್ದೆಯಾಗಿದ್ದರೆ ಅದು ಕಳ್ಳಮುದ್ರಣ. ಬೆಲೆ ಎಷ್ಟೇ ಕಡಿಮೆಯಿರಲಿ, ನಕ್ಷೆ ಓದಲಾಗದ ಭೂಗೋಳದ ಪುಸ್ತಕ ಇಟ್ಟುಕೊಂಡು ಏನು ಮಾಡುವುದು?

ಹೆಚ್ಚು ದುಡ್ಡು ಸೋರುವುದು ಮಾತ್ರ ಅಂಗಡಿಯ ಕಟ್ಟೆಯಲ್ಲಲ್ಲ, ತಿಂಗಳ ಪೇಪರ್ ಬಿಲ್ಲಿನಲ್ಲಿ. ಲೆಕ್ಕ ಹಾಕಿಯೇ ನೋಡೋಣ. ಪೇಪರಿಗೆ ವಾರದ ದಿನ 6 ರೂಪಾಯಿ, ಭಾನುವಾರ 7 ರೂಪಾಯಿ ಎಂದಿಟ್ಟುಕೊಳ್ಳಿ. 31 ದಿನದ ತಿಂಗಳು, ನಾಲ್ಕು ಭಾನುವಾರ. 27 ದಿನಕ್ಕೆ 162, ಭಾನುವಾರಗಳಿಗೆ 28, ಒಟ್ಟು 190. ನಡುವೆ ಒಂದು ಹಬ್ಬ, ಮರುದಿನ ಪೇಪರ್ ಇಲ್ಲ. 184 ಆಯಿತು. ಊರಿಗೆ ಹೋಗುತ್ತೇವೆ ಅಂತ ಐದು ದಿನ ಬೇಡ ಅಂದಿದ್ದೀರಿ, 154ಕ್ಕೆ ಇಳಿಯಿತು. ಈಗ ಬರುವ ಬಿಲ್ ನೋಡಿ: 31 ದಿನವೂ 7 ರೂಪಾಯಿಯಂತೆ 217, ಸರ್ವಿಸ್ ಚಾರ್ಜ್ 20, ಚಿಲ್ಲರೆ ಇಲ್ಲ ಅಂತ ಮೇಲಕ್ಕೆ ಎಳೆದು 240. ಸರ್ವಿಸ್ ಚಾರ್ಜ್ ಒಪ್ಪಿಕೊಂಡದ್ದೇ ಇರಲಿ, ಆದರೂ 66 ರೂಪಾಯಿ ಹೆಚ್ಚು. ಎರಡು ಪೇಪರ್, ಒಂದು ವಾರಪತ್ರಿಕೆ ತರಿಸುವ ಮನೆಯಲ್ಲಿ ಇದು ಇನ್ನೂ ಬೆಳೆಯುತ್ತದೆ. ಒಬ್ಬ ಏಜೆಂಟರು ಪೇಪರ್ ಹಾಕಿಸುವ ಬೀದಿಗಳ ಲೈನ್‌ನಲ್ಲಿ ಎಷ್ಟು ಮನೆ ಇದೆಯೋ ಅಷ್ಟರಿಂದ ಗುಣಿಸಿ ನೋಡಿ.

ಇದನ್ನು ತಡೆಯಲು ಗಲಾಟೆ ಬೇಕಿಲ್ಲ. ಅಡುಗೆಮನೆಯ ಕ್ಯಾಲೆಂಡರ್ ಸಾಕು. ಪೇಪರ್ ಬಾರದ ದಿನಕ್ಕೆ ಅಡ್ಡಗೆರೆ, ಪುರವಣಿ ಇಲ್ಲದೆ ಬಂದ ದಿನಕ್ಕೆ ಚುಕ್ಕಿ. ಕಚೇರಿಗೆ ರಜೆ ಇರುವುದರಿಂದ ನಾಳೆ ಸಂಚಿಕೆ ಇಲ್ಲ ಎಂಬ ಪ್ರಕಟಣೆ ಮೊದಲ ಪುಟದಲ್ಲಿ ಬರುತ್ತದೆ, ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಊರಿಗೆ ಹೋಗುವಾಗ ಪೇಪರ್ ಹುಡುಗನಿಗೆ ಹೇಳಿದರೆ ಹೇಳಿದ ಹಾಗಲ್ಲ. ಅವನು ನಾಳೆಯೇ ಕೆಲಸ ಬಿಡಬಹುದು. ಏಜೆಂಟರ ವಾಟ್ಸಾಪ್‌ಗೆ "ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಬೇಡ, ಇಂಥ ದಿನದಿಂದ ಮತ್ತೆ ಹಾಕಿ" ಎಂದು ಎರಡು ದಿನ ಮೊದಲೇ ಬರೆಯಿರಿ. ಬೆಳಗಿನ ಜಾವ ನಾಲ್ಕೂವರೆಗೆಲ್ಲ ಫುಟ್‌ಪಾತ್‌ನಲ್ಲಿ ಕೂತು ಪುರವಣಿ ಸೇರಿಸಿ ಲೈನ್ ಪ್ರಕಾರ ಕಟ್ಟು ಹಾಕುತ್ತಾರೆ. ಹಿಂದಿನ ರಾತ್ರಿ ಹನ್ನೊಂದಕ್ಕೆ ಹೇಳಿದ್ದು ಆ ಕಟ್ಟಿಗೆ ಮುಟ್ಟುವುದಿಲ್ಲ. ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಗೇಟ್ ಆ್ಯಪ್‌ನ ದಾಖಲೆ ತೆಗೆಸಿ. ಹುಡುಗ ಎಷ್ಟು ದಿನ ಒಳಗೆ ಬಂದ ಅನ್ನುವುದು ಅದರಲ್ಲೇ ಇರುತ್ತದೆ.

ವಾರ್ಷಿಕ ಚಂದಾ ಸ್ಕೀಮ್‌ಗಳಲ್ಲಿ ಇನ್ನೊಂದು ಗುಂಡಿಯಿದೆ. ಕೆಲವು ಪತ್ರಿಕೆಗಳು ವರ್ಷದ ಹಣ ಮುಂಗಡ ಪಡೆದು ತಿಂಗಳಿಗೊಂದರಂತೆ ಕೂಪನ್ ಪುಸ್ತಕ ಕೊಡುತ್ತವೆ. ಏಜೆಂಟರು ಬಂದಾಗ ದುಡ್ಡಿನ ಬದಲು ಕೂಪನ್ ಕೊಡಬೇಕು. ಕೂಪನ್ನೂ ಹರಿದುಕೊಂಡು, ಮನೆಯ ಹಿರಿಯರಿಂದ "ಈ ತಿಂಗಳ ಬಾಕಿ" ಅಂತ ದುಡ್ಡೂ ಇಸಿದುಕೊಂಡು ಹೋಗುವುದು ಮಾಮೂಲಿ. ಕೂಪನ್ ಕೊಡುವಾಗ ಉಳಿಯುವ ಪ್ರತಿಪತ್ರದ ಮೇಲೆ ತಾರೀಖು, ಸಹಿ ಹಾಕಿಸಿ. ಪುಸ್ತಕ ಎಲ್ಲಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಮನೆಬಾಗಿಲಿಗೆ ಬಂದು "ಆಂಟಿ, ಕಾಲೇಜ್ ಪ್ರಾಜೆಕ್ಟ್, ಒಂದು ಚಂದಾ ಮಾಡಿಸಿ" ಎನ್ನುವವರಿಗೆ ನಗದು ಕೊಡಲೇಬೇಡಿ. ರಸೀದಿಗೆ ಕ್ರಮಸಂಖ್ಯೆ ಇಲ್ಲ, ಪ್ರಕಾಶಕರ ಹೆಸರಿಲ್ಲ, ಮೊಬೈಲ್ ನಂಬರ್ ಮಾತ್ರ ಇದೆ ಅಂದರೆ ಆ ಮ್ಯಾಗಜಿನ್ ಬರುವುದಿಲ್ಲ. ಚಂದಾ ಬೇಕೆಂದರೆ ಮ್ಯಾಗಜಿನ್‌ನಲ್ಲಿ ಮುದ್ರಕರು, ಪ್ರಕಾಶಕರು, ಸ್ಥಳ ಅಚ್ಚಾಗಿರುವ ಸಾಲು ಹುಡುಕಿ, ಆ ಕಚೇರಿಗೇ ನೇರ ಕಟ್ಟಿ.

ಪತ್ರಿಕೆ, ನಿಯತಕಾಲಿಕಗಳಿಗೆ ಜಿಎಸ್‌ಟಿ ಇಲ್ಲ. ಬಿಲ್ಲಿನಲ್ಲಿ ಮ್ಯಾಗಜಿನ್ ಬೆಲೆಯ ಮೇಲೆ ತೆರಿಗೆ ಸೇರಿಸಿದ್ದರೆ ಹೊಡೆಸಿಹಾಕಿ. ಯುಪಿಐ ಮಾಡಿದರೆ ಎರಡು ರೂಪಾಯಿ ಜಾಸ್ತಿ ಅನ್ನುವುದಕ್ಕೂ ಆಧಾರವಿಲ್ಲ. ಬ್ಯಾಂಕ್ ಖಾತೆಯಿಂದ ಮಾಡುವ ಇಂಥ ಸಣ್ಣ ಪಾವತಿಗೆ ಅಂಗಡಿಯವರಿಗೆ ಶುಲ್ಕ ಬೀಳುವುದಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಮೇಲೆ ನಗರದ ಎಷ್ಟೋ ಅಂಗಡಿಗಳಲ್ಲಿ "ನೋ ಯುಪಿಐ" ಬೋರ್ಡ್ ನೇತುಬಿತ್ತು. ಅವರ ಭಯ ಅರ್ಥವಾಗುವಂಥದ್ದೇ, ಆದರೆ ನಗದು ಕೊಟ್ಟಾಗ ಗಿರಾಕಿಯ ಕೈಯಲ್ಲಿ ಸಾಕ್ಷಿ ಉಳಿಯುವುದಿಲ್ಲ, ಚೀಟಿಯಾದರೂ ಬೇಕು. ತಿಂಗಳ ಬಿಲ್ ಯುಪಿಐ ಮಾಡುವವರು ಹುಡುಗನ ಸ್ವಂತ ನಂಬರಿಗೆ ಹಾಕದೆ ಏಜೆಂಟರ ನಂಬರಿಗೇ ಹಾಕಿ, ಷರಾದಲ್ಲಿ ತಿಂಗಳ ಹೆಸರು ಬರೆಯಿರಿ.

ಇಷ್ಟಾಗಿಯೂ ಮೋಸವಾದರೆ, ಕಾನೂನು ಗಿರಾಕಿಯ ಕಡೆಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವಸ್ತುವಿನ ಮೇಲೆ ನಮೂದಾದ ಬೆಲೆಗಿಂತ ಹೆಚ್ಚು ವಸೂಲಿ ಮಾಡಿದರೆ ದೂರು ಕೊಡಬಹುದು. ಹಳೆಯದನ್ನು ಹೊಸದೆಂದು ಹೇಳಿ ಮಾರುವುದು, ಬಿಲ್ ಕೊಡದಿರುವುದು, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ಪಡೆಯದಿರುವುದು, ಇವು ಮೂರೂ ಅದರಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಅವಧಿ ಹೇಳಿಲ್ಲದಿದ್ದರೆ 30 ದಿನ. "ಇಂಗ್ಲಿಷ್ ಪೇಪರ್ ಬೇಕಾದರೆ ಇದನ್ನೂ ತಗೊಳ್ಳಲೇಬೇಕು" ಎಂದು ಕಟ್ಟಿಹಾಕುವುದೂ ತಪ್ಪೇ. ಮುಖಬೆಲೆ, ಸ್ಟಿಕರ್, ಚೀಟಿ ಮೂರೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಗ್ರಾಹಕ ಆಯೋಗಕ್ಕೆ ಹೋಗುವುದಾದರೆ 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ನಿಜ ಹೇಳಬೇಕೆಂದರೆ 66 ರೂಪಾಯಿಗೆ ಯಾರೂ ಆಯೋಗದ ಮೆಟ್ಟಿಲು ಹತ್ತುವುದಿಲ್ಲ, ಅದು ಅಂಗಡಿಯವರಿಗೂ ಗೊತ್ತು. ದಿನಪತ್ರಿಕೆಯ ವಿಷಯದಲ್ಲಿ ಬೇಗ ಕೆಲಸ ಮಾಡುವುದು ಪತ್ರಿಕೆಯ ಪ್ರಸರಣ ವಿಭಾಗ. ಮನೆ ವಿಳಾಸ, ಏಜೆಂಟರ ಹೆಸರು, ಪೇಪರ್ ಬಾರದ ತಾರೀಖುಗಳು, ಬಿಲ್ಲಿನ ಫೋಟೊ, ಇಷ್ಟನ್ನು ಒಂದೇ ಮೇಲ್‌ನಲ್ಲಿ ಕಳಿಸಿ. ಪ್ರತಿಗಳ ಸಂಖ್ಯೆ ಇಳಿಯುವುದು ಅವರಿಗೂ ಬೇಡ.

ಏಜೆಂಟರನ್ನೇ ಬದಲಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಒಬ್ಬರ ಲೈನ್‌ಗೆ ಇನ್ನೊಬ್ಬರು ಕೈಹಾಕುವುದಿಲ್ಲ ಎಂಬ ಒಳ ಒಪ್ಪಂದ ಎಷ್ಟೋ ಬಡಾವಣೆಗಳಲ್ಲಿದೆ. ಹೊಸಬರನ್ನು ಕೇಳುವ ಮುಂಚೆ ಹಳಬರ ಲೆಕ್ಕ ಚುಕ್ತಾ ಮಾಡಿ, "ಬಾಕಿ ಇಲ್ಲ" ಎಂದು ಬರೆಸಿಕೊಂಡು ಸಹಿ ಪಡೆಯಿರಿ. ಆ ಚೀಟಿ ಇಲ್ಲದಿದ್ದರೆ "ಆ ಮನೇದು ಬಾಕಿ ಇದೆ" ಅನ್ನುವ ಮಾತು ನಿಮಗಿಂತ ಮೊದಲೇ ಹೊಸಬರಿಗೆ ತಲುಪಿರುತ್ತದೆ, ಅವರು ಪೇಪರ್ ಹಾಕಲು ಒಪ್ಪುವುದಿಲ್ಲ.