ಮುದ್ದೆ-ಬಸ್ಸಾರಿಗೆ ಯಾವ ಡಬ್ಬಿ ಒಳ್ಳೇದು?

ಮಂಡ್ಯದಲ್ಲಿ ಬೆಳಿಗ್ಗೆ ಏಳಕ್ಕೆ ತುಂಬಿದ ಡಬ್ಬಿಯನ್ನು ಮೈಸೂರಿನ ಹೆಬ್ಬಾಳದ ಆಫೀಸಿನಲ್ಲಿ ತೆರೆಯುವಾಗ ಒಂದೂವರೆ ಆಗಿರುತ್ತದೆ. ಅಲ್ಲಿಯವರೆಗೆ ಮುದ್ದೆ ಮೆತ್ತಗಿರಬೇಕು, ಬಸ್ಸಾರು ಚೆಲ್ಲಬಾರದು, ನಾಲ್ಕು ಜನರ ಮುಂದೆ ಇಟ್ಟರೆ ಲಕ್ಷಣವಾಗಿಯೂ ಕಾಣಬೇಕು. ಇದಕ್ಕಾಗಿ ಮೂರು ಬಗೆಯ ಡಬ್ಬಿ ಬಳಸಿ ನೋಡಿದ್ದೇನೆ.

ಹೊರಗೆ ಪ್ಲಾಸ್ಟಿಕ್, ಒಳಗೆ ಸ್ಟೀಲ್ ಬಟ್ಟಲುಗಳಿರುವ ಹಾಟ್ ಕ್ಯಾರಿಯರ್ ಮೂರರಲ್ಲಿ ಅಗ್ಗದ್ದು. ಬಟ್ಟಲು ಅಗಲ, ಕೈ ಹಾಕಿ ಕಲಸಿ ಉಣ್ಣಬಹುದು. ಆದರೆ ಗೋಡೆಯೊಳಗೆ ಇರುವುದು ಫೋಮ್. ಮಧ್ಯಾಹ್ನಕ್ಕೆ ಅನ್ನ ಉಗುರುಬೆಚ್ಚಗಾಗಿ, ಮುದ್ದೆ ಮೇಲೆ ಗಟ್ಟಿ ಪದರ ಕಟ್ಟಿರುತ್ತದೆ. ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು ಗಂಟೆಗಟ್ಟಲೆ ಬೆಚ್ಚಗೇ ಉಳಿದರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಹಾಗಾಗಿ ಇದನ್ನು ರುಚಿಯ ಪ್ರಶ್ನೆ ಎಂದು ಬಿಡುವ ಹಾಗಿಲ್ಲ.

ಕರೆಂಟ್ ಡಬ್ಬಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾರು ಚೆನ್ನಾಗಿ ಕಾಯುತ್ತದೆ, ಮುದ್ದೆ ಮಾತ್ರ ತಳದಲ್ಲಿ ಒಣಗುತ್ತದೆ. ಪ್ಲಗ್ ಪಾಯಿಂಟ್ ಪಕ್ಕದಲ್ಲಿ ಜಾಗ ಹಿಡಿಯಬೇಕು.

ಬಿಸಿ ಉಳಿಸುವುದರಲ್ಲಿ ಗೆದ್ದದ್ದು ಎರಡು ಗೋಡೆಯ ಸ್ಟೀಲ್ ಫ್ಲಾಸ್ಕ್ ಡಬ್ಬಿ. ಗೋಡೆಗಳ ನಡುವಿನ ಗಾಳಿ ತೆಗೆದಿರುವುದರಿಂದ ಬಿಸಿ ಮುಖ್ಯವಾಗಿ ಕತ್ತು ಮತ್ತು ಮುಚ್ಚಳದ ಕಡೆಯಿಂದಲೇ ಹೊರಗೆ ಹೋಗಬೇಕು. ಅದಕ್ಕೇ ಬಾಯಿ ಕಿರಿದಾಗಿಸಿ, ಎತ್ತರ ಮಾಡಿರುತ್ತಾರೆ. ಬ್ಯಾಗಿನ ಬಾಟಲಿ ಜೇಬಿಗೆ ಸರಿಯಾಗಿ ಕೂರುತ್ತದೆ, ನೋಡಲೂ ಚೆಂದ. ಆದರೆ ಅದು ಚಮಚದಲ್ಲಿ ಉಣ್ಣುವವರ ಡಬ್ಬಿ. ಮುದ್ದೆ ಒಳಗೆ ಹೋಗಬೇಕಾದರೆ ಹಿಸುಕಬೇಕು, ಹೋದ ಮೇಲೆ ತಳಕ್ಕೆ ಬೆರಳು ಮುಟ್ಟುವುದಿಲ್ಲ.

ನಮ್ಮ ಊಟಕ್ಕೆ ಬೇಕಾದದ್ದು ಇದೇ ನಿರ್ವಾತದ ಗೋಡೆ, ಆದರೆ ಅಂಗೈ ಇಳಿಯುವಷ್ಟು ಅಗಲ ಬಾಯಿ, ಕಡಿಮೆ ಆಳ. ಅಗಲವಾದರೆ ಬಿಸಿ ಬೇಗ ಹೋಗುತ್ತದೆ, ನಿಜ. ಅದಕ್ಕೆ ಮುಚ್ಚಳವನ್ನೂ ಎರಡು ಪದರದ್ದಾಗಿಸಿ, ತಿರುವಿದರೆ ತಟ್ಟೆಯಾಗುವಂತೆ ಮಾಡಲಿ. ಸಿಲಿಕೋನ್ ವಾಷರ್ ಕೈಯಲ್ಲೇ ಬಿಚ್ಚಿ ತೊಳೆಯುವಂತಿರಲಿ, ಇಲ್ಲದಿದ್ದರೆ ಬೆಳ್ಳುಳ್ಳಿ ವಾಸನೆ ಅಲ್ಲೇ ಕೂರುತ್ತದೆ. ಉಪ್ಸಾರಿನ ಖಾರಕ್ಕೆ ಒಂದು ಪುಟ್ಟ ಡಬ್ಬಿ. ಬಣ್ಣ ಬಳಿದ ಮೈ ಗೀಚಿ ಎದ್ದುಹೋಗುತ್ತದೆ, ಉಜ್ಜಿದ ಸ್ಟೀಲೇ ಸಾಕು. ಹಿಡಿಗೆ ಚನ್ನಪಟ್ಟಣದ ಅರಗಿನ ಬಣ್ಣದ ಮರ ಹಾಕಿದರೆ ಎಷ್ಟು ಚೆಂದ!

ಅಂಥದ್ದು ಸಿಗುವವರೆಗೆ ನನ್ನ ಆಯ್ಕೆ: ಬಸ್ಸಾರು, ಅನ್ನಕ್ಕೆ ಇರುವುದರಲ್ಲೇ ಅಗಲ ಬಾಯಿಯ ಫ್ಲಾಸ್ಕ್ ಡಬ್ಬಿಗಳು, ಮೊಸರನ್ನಕ್ಕೆ ಮಾಮೂಲಿ ಸ್ಟೀಲ್ ಡಬ್ಬಿ. ಬೆಚ್ಚಗಿಟ್ಟರೆ ಮೊಸರು ಇನ್ನೂ ಬೇಗ ಹುಳಿಯುತ್ತದೆ. ಮುದ್ದೆ ಫ್ಲಾಸ್ಕಿಗೆ ಸರಿಯಾಗಿ ಇಳಿಯದ್ದರಿಂದ ಅದನ್ನು ಮಾತ್ರ ಬಾಳೆ ಎಲೆಯಲ್ಲಿ ಸುತ್ತಿ ಹಾಟ್ ಕ್ಯಾರಿಯರ್‌ನಲ್ಲಿ ಇಡುತ್ತೇನೆ; ಮೇಲೆ ಹೇಳಿದ ತೊಂದರೆ ಅದಕ್ಕೂ ಇದ್ದೇ ಇದೆ. ಫ್ಲಾಸ್ಕಿಗೆ ತುಂಬುವ ಮುಂಚೆ ಐದು ನಿಮಿಷ ಕುದಿಯುವ ನೀರು ಹಾಕಿಡಿ. ಹಾಗೆ ಇಟ್ಟಾಗ ಹೊರಮೈ ಬಿಸಿಯಾದರೆ ನಿರ್ವಾತ ಹೋಗಿದೆ ಎಂದರ್ಥ; ಹೊಸದಾಗಿದ್ದರೆ ಅಂಗಡಿಗೆ ಹಿಂದಿರುಗಿಸಿ.